ಹುಳದ ತಟ್ಟೆಯಡಿ ಬಂದ ಜಪಾನಿನ ಸುದ್ದಿ

ನಮ್ಮ ಮನೆಗೆ ಪತ್ರಿಕೆ ಬರುತ್ತಿದ್ದದ್ದು ಓದುವುದಕ್ಕಲ್ಲ, ರೇಷ್ಮೆಹುಳದ ತಟ್ಟೆಗೆ ಹಾಸುವುದಕ್ಕೆ. ಅಪ್ಪ ಚಾಮರಾಜನಗರದ ಸಂತೆಗೆ ಹೋದಾಗ ಅಂಗಡಿಯಿಂದ ಒಂದು ಹೊರೆ ಹಳೆಯ ಪತ್ರಿಕೆ ಹೊತ್ತು ತರುತ್ತಿದ್ದ. ಬಿದಿರಿನ ತಟ್ಟೆಗೆ ಸಗಣಿ ಸಾರಿಸಿ ಒಣಗಿಸಿ, ಮೇಲೆ ಕಾಗದ ಹಾಸಿ, ಮರಿಹುಳ ಬಿಟ್ಟು ಸೊಪ್ಪು ಹಾಕುತ್ತಿದ್ದೆವು. ಹಾಸುವ ಮೊದಲು ನಾನು ಅಜ್ಜಿಗೆ ಅದನ್ನು ಓದಿ ಹೇಳಬೇಕು. ಮಿಡ್ಲ್ ಸ್ಕೂಲು ಮುಗಿಸಿ ಮನೆಯಲ್ಲಿ ಕೂತಿದ್ದ ಹದಿನಾಲ್ಕರ ಹುಡುಗಿ ನಾನು. ಮನೆಯಲ್ಲಿ ಸರಾಗವಾಗಿ ಓದಬಲ್ಲವಳು ನಾನೊಬ್ಬಳೇ ಎಂಬ ಜಂಬ ಬೇರೆ. ಸುದ್ದಿ ತಿಂಗಳ ಹಿಂದಿನದಾದರೂ ಅಜ್ಜಿಗೆ ಬಿಸಿಬಿಸಿಯೇ. "ಹುಳ ಹೊಲಸು ಮಾಡೋಕ್ ಮುಂಚೆ ಕೇಳ್ಬುಡನ, ಓದಮ್ಮಿ" ಎನ್ನುತ್ತಿದ್ದಳು.

ಹುಳದ ಮನೆಯ ಕೆಲಸಕ್ಕೆ ನಾವು ಮೂವರು: ಅಜ್ಜಿ, ನಾನು, ದೊಡ್ಡವ್ವ. ದೊಡ್ಡವ್ವ ಅಂದರೆ ಅಪ್ಪನ ಅಣ್ಣನ ಹೆಂಡತಿ. ಆ ದೊಡ್ಡಪ್ಪನ ಮುಖ ನನಗೆ ಸರಿಯಾಗಿ ನೆನಪಿಲ್ಲ. ನಾನು ಆರು ವರ್ಷದವಳಿದ್ದಾಗ, ಸುವರ್ಣಾವತಿ ಹೊಳೆ ಉಕ್ಕಿದ ದಿನ, ಎತ್ತು ಹೊಡೆದುಕೊಂಡು ದಾಟಲು ಹೋದವನು ಆಚೆ ದಡಕ್ಕೂ ಹೋಗಲಿಲ್ಲ, ಈಚೆಗೂ ಬರಲಿಲ್ಲ. ಮೂರು ದಿನದ ಮೇಲೆ ಒಂದು ಎತ್ತು ಸಿಕ್ಕಿತು. ಅವನು ಸಿಕ್ಕಲಿಲ್ಲ. ಹೆಣ ಕಾಣದೆ ಮಗ ಸತ್ತ ಅನ್ನಲು ಅಜ್ಜಿ ಒಪ್ಪಲಿಲ್ಲ. ವರ್ಷಕ್ಕೊಮ್ಮೆ ಗೋಪಾಲಸ್ವಾಮಿ ಬೆಟ್ಟ ಹತ್ತಿ ಹರಕೆ ಹೊತ್ತು ಬರುವಳು, ಹಬ್ಬದ ದಿನ ಅವನಿಗೂ ಒಂದು ಎಲೆ ಹಾಕಿಸುವಳು. ದೊಡ್ಡವ್ವ ಎಂಟು ವರ್ಷ ಕುಂಕುಮ ಇಟ್ಟು, ಬಳೆ ತೊಟ್ಟು, ಗಂಡನಿಲ್ಲದ ಮುತ್ತೈದೆಯಾಗಿದ್ದಳು. ಅವಳಿಗಾಗ ಇನ್ನೂ ಮೂವತ್ತು ತುಂಬಿರಲಿಲ್ಲ.

ಆ ಬೇಸಿಗೆಯ ಮೊದಲಲ್ಲಿ ಗುಂಡ್ಲುಪೇಟೆ ಕಡೆಯಿಂದ ಅವಳ ಅಣ್ಣ ಬಂದ. ಅವರ ಊರಿನ ಒಬ್ಬ ರೈತನ ಹೆಂಡತಿ ತೀರಿಕೊಂಡಿದ್ದಳು. ಅವನು ದೊಡ್ಡವ್ವನನ್ನು ಕೂಡಿಕೆ ಮಾಡಿಕೊಡಿ ಎಂದು ಕೇಳಿದ್ದನಂತೆ. ಗಂಡ ಸತ್ತವಳಿಗೆ ಎರಡನೆಯ ಸಲ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಕೂಡಿಕೆ ನಮ್ಮ ಜನರಲ್ಲಿ ತಪ್ಪಲ್ಲ. ಆದರೆ ಅದಕ್ಕೆ ಮೊದಲು ಗಂಡ ಸತ್ತಿರಬೇಕಲ್ಲ! ಅಜ್ಜಿ ಅವನಿಗೆ ಊಟ ಬಡಿಸುತ್ತಲೇ, "ನನ್ ಮಗನ್ನ ಸಾಯ್ಸಕ್ ಬಂದಿದ್ದೀಯೇನಪ್ಪಾ?" ಎಂದಳು. ಅವನು ಅರ್ಧ ಊಟಕ್ಕೆ ಕೈ ತೊಳೆದು ಎದ್ದ. ಆಮೇಲೆ ಸೊಪ್ಪು ಹೆಚ್ಚುತ್ತ ಕೂತಿದ್ದ ದೊಡ್ಡವ್ವ, ಅತ್ತೆಯ ಮುಖ ನೋಡದೆ ಹೇಳಿದಳು: "ನಾನು ಮುತ್ತೈದೇನೋ ಮುಂಡೇನೋ, ಒಂದ್ ಯೋಳ್ಬುಡಿ ಅತ್ತೆ. ಎರಡೂ ಅಲ್ದೆ ಇನ್ನೆಷ್ಟ್ ದಿನ ಇರ್ಲಿ? ನಂಗೂ ಒಂದ್ ಮನೆ ಬ್ಯಾಡ್ವಾ?" ಅಜ್ಜಿ ಸೊಪ್ಪಿನ ಕುಕ್ಕೆ ಎತ್ತಿಕೊಂಡು ಒಳಗೆ ಹೋದಳು.

ಜಪಾನಿನ ಸುದ್ದಿ ಬಂದದ್ದು ಇದಾದ ಮೇಲಿನ ಹೊರೆಯಲ್ಲಿ. ಜಪಾನೆಂದರೆ ಅಜ್ಜಿಗೆ ಪರದೇಶವಲ್ಲ. ನಾವು ತರುತ್ತಿದ್ದ ಹುಳದ ಮೊಟ್ಟೆಗೆ ತಾಯಿ ಮೈಸೂರಿನದು, ತಂದೆ ಜಪಾನಿನದು ಎಂದು ಬಿತ್ತನೆ ಕೋಠಿಯವರು ಹೇಳಿದ್ದರು. ಅಂದಿನಿಂದ ಅದು ಅವಳಿಗೆ ಬೀಗರ ದೇಶ. "ಏನಂತಮ್ಮಿ ಬೀಗರ ಸಮಾಚಾರ?" ಎಂದಳು ನಗುತ್ತ. ನಾನು ಓದಿದೆ. ಮೊದಲು ಭೂಮಿ ನಡುಗಿತಂತೆ. ಹಿಮ ಬೀಳುವ ಸೀಮೆ, ಮನೆಮನೆಯಲ್ಲೂ ಒಲೆ ಉರಿಯುತ್ತಿತ್ತು. ಒಲೆ ಮಗುಚಿ ಮರದ ಮನೆಗಳಿಗೆ ಬೆಂಕಿ ಹತ್ತಿತು. ಜನ ಹೊರಗೋಡಿ ಬಂದು ಉಸ್ಸಪ್ಪಾ ಅನ್ನುವಷ್ಟರಲ್ಲಿ ಸಮುದ್ರವೇ ಎದ್ದು ಊರೊಳಕ್ಕೆ ಬಂತು. ನೀರಿನ ಜೊತೆ ಬಂದ ಮಂಜುಗಡ್ಡೆಗಳು ಗೋಡೆಗಳನ್ನು ಗುದ್ದಿ ಕೆಡವಿದವು. ಮೀನಿನ ದೋಣಿಗಳು ಬೀದಿಯಲ್ಲಿ, ಮನೆಯ ಸೂರುಗಳು ಕಡಲಿನಲ್ಲಿ. ದೋಣಿಯೂ ಬಲೆಯೂ ಹೋದ ಮೇಲೆ ಬೆಸ್ತರಿಗೆ ಬದುಕೇ ಇಲ್ಲದಂತಾಗಿದೆ. ಕೊನೆಯಲ್ಲಿ ಒಂದು ಸಾಲು: ಅನೇಕರು ಕಾಣೆಯಾಗಿದ್ದಾರೆ, ಹುಡುಕಾಟ ನಡೆದಿದೆ.

ಅಜ್ಜಿಯ ನಗು ಯಾವಾಗಲೋ ನಿಂತಿತ್ತು. "ಕಾಣೆ ಅಂದ್ರೆ? ಸತ್ತವ್ರಾ, ಬದ್ಕವ್ರಾ?"

"ಗೊತ್ತಿಲ್ಲ ಅಂತ, ಅಜ್ಜಿ."

"ಅಯ್ಯೋ ಶಿವನೇ. ಅಷ್ಟೂ ಜನದ ಅವ್ವದೀರು ಈಗೇನ್ ಮಾಡ್ತಾ ಕುಂತವ್ರೋ."

"ಹೆಂಡ್ರೂ ಇರ್ತಾರೆ" ಎಂದಳು ದೊಡ್ಡವ್ವ.

ಮುಂದಿನ ಸುದ್ದಿ ಬಂದ ಪತ್ರಿಕೆ ಓದು ಎಂದು ಅಜ್ಜಿ ಹಠ ಹಿಡಿದಳು. ಹೊರೆ ಪೂರ್ತಿ ತಡಕಿದರೂ ಅದು ಸಿಕ್ಕಲಿಲ್ಲ. ಸಿಕ್ಕಿದ್ದು ಮೂಲೆಯ ತಟ್ಟೆಯಲ್ಲಿ, ಹುಳಗಳ ಅಡಿಯಲ್ಲಿ. ಹಿಂದಿನ ದಿನ ಸೋಮಾರಿತನಕ್ಕೆ ನಾನೇ ಓದದೆ ಹಾಸಿದ್ದೆ. ಅಂಚಿನಲ್ಲಿ 'ಜಪಾನಿನ ಸಂತ್ರಸ್ತ' ಎಂಬಷ್ಟು ಮಾತ್ರ ಕಾಣುತ್ತಿತ್ತು. ಎಳೆಯುವಂತಿಲ್ಲ, ಏಕೆಂದರೆ ಆ ತಟ್ಟೆಯ ಹುಳ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಆಗ ಕದಲಿಸಿದರೆ ಹುಳ ಕೆಟ್ಟುಹೋಗುತ್ತದೆ.

ಹಾಗಾಗಿ ಕಾದೆವು. ಒಂದು ಅಕ್ಷರವೂ ಬಾರದ ಅಜ್ಜಿ ಹೋಗುತ್ತ ಬರುತ್ತ ಬಗ್ಗಿ ಆ ಅಂಚನ್ನೇ ನೋಡುವಳು. "ಬ್ಯಾಗ ಏಳ್ರಪ್ಪಾ, ನಿಮ್ಮಪ್ಪನ ಊರಿನ್ ಸುದ್ದಿ ನಿಮ್ಮಡೀಲೇ ಅದೆ" ಎಂದು ಹುಳಗಳನ್ನೇ ಗೋಗರೆಯುವಳು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವಳು ಜಪಾನಿನವರ ಮಕ್ಕಳನ್ನು ಮಾತ್ರ ಕಾಯುತ್ತಿಲ್ಲ ಎಂದು ನನಗೂ ದೊಡ್ಡವ್ವನಿಗೂ ಗೊತ್ತಿತ್ತು.

ಎರಡನೆಯ ದಿನ ಹುಳ ಎದ್ದವು. ಹೊಸ ಸೊಪ್ಪಿಗೆ ಹತ್ತಿಸಿಕೊಂಡು ಬೇರೆ ತಟ್ಟೆಗೆ ಬಿಟ್ಟು ಕಾಗದ ಎತ್ತಿದೆ. ಸೊಪ್ಪಿನ ನೀರಿಗೆ ನೆಂದು, ಹಿಕ್ಕೆ ಮೆತ್ತಿ, ನಡುವೆ ಅಂಗೈಯಗಲ ಕೊಳೆತುಹೋಗಿತ್ತು. 'ಕಾಣೆಯಾದವರ ಹುಡುಕಾಟ ನಿಲ್ಲಿಸಲಾಗಿದೆ' ಎಂಬುದನ್ನು ಓದಿದೆ. ಅದರ ಕೆಳಗೆ ತೂತು. ತೂತಿನ ಕೆಳಗೆ ಕಂಬಳಿ, ಅಕ್ಕಿ ಕಳಿಸಿದ ಮಾತು.

"ನಿಲ್ಸುದ್ ಮ್ಯಾಲೆ? ಅವ್ವದೀರು ಏನ್ ಮಾಡುದ್ರು?" ಎಂದಳು ಅಜ್ಜಿ.

ದೊಡ್ಡವ್ವ ತಟ್ಟೆ ಹಿಡಿದು ನಿಂತವಳು ನಿಂತೇ ಇದ್ದಳು. ನಾನು ಆ ತೂತನ್ನು ನೋಡುತ್ತ, ಪತ್ರಿಕೆಯ ಭಾಷೆಯಲ್ಲೇ ಓದಿದೆ: "ಸಿಗದವರ ತಾಯಂದಿರೆಲ್ಲ ಕಡಲ ದಡದಲ್ಲಿ ಸೇರಿ, ನೀರಿಗೆ ಹೂ ಬಿಟ್ಟು, ಮಕ್ಕಳನ್ನು ಕಳಿಸಿಕೊಟ್ಟರು. ಸೊಸೆಯಂದಿರು ಹೊಸ ಬಾಳು ಮಾಡಲೆಂದು ಹರಸಿದರು." ಕೊನೆಯ ಮಾತು ಅತಿಯಾಯಿತೆಂದು ನನಗೇ ಅನ್ನಿಸಿತು.

"ಇನ್ನೊಂದ್ ಸತಿ ಓದು" ಎಂದಳು ಅಜ್ಜಿ. ಅದೇ ಮಾತು ತಪ್ಪದಂತೆ ಓದಿದೆ. "ಎಲ್ಲಾ ಅವ್ವದೀರೂವಾ? ಒಬ್ಳೂ ಒಲ್ಲೆ ಅನ್ನಿಲ್ವಾ?"

"ಎಲ್ರೂ, ಅಜ್ಜಿ."

ಅವಳು ಉಳಿದ ತಟ್ಟೆಗಳಿಗೆಲ್ಲ ಸೊಪ್ಪು ಹಾಕಿ ಮುಗಿಸಿದಳು. ಆಮೇಲೆ ಹೊರಗೆ ಬಂದು ಅಪ್ಪನಿಗೆ, "ಗುಂಡ್ಲುಪೇಟೆಗೆ ಹೋಗಿ ಅವಳಣ್ಣನ ಕರ್ಕಂಡ್ ಬಾ" ಎಂದಳು.

ಹೆಣದ ಬದಲು ಹುಲ್ಲಿನ ಬೊಂಬೆ ಮಾಡಿ ಹೊಳೆಯ ದಡದಲ್ಲಿ ದೊಡ್ಡಪ್ಪನಿಗೆ ಮಣ್ಣು ಕೊಟ್ಟರು. ದೊಡ್ಡವ್ವನಿಗೆ ಬಿಡುಗಡೆ ಮಾಡಿಸಿದೆ ಎಂದು ಬೀಗುತ್ತಿದ್ದ ನಾನು, ಬಳೆ ತೆಗೆಯುವಾಗ ಅವಳು ಅತ್ತದ್ದು ನೋಡಿ ತಣ್ಣಗಾದೆ. ಎಂಟು ವರ್ಷದ ಅಳುವನ್ನು ಒಂದೇ ಬೆಳಗಿಗೆ ಅತ್ತಳು. ಅವಳು ಬೇಡಿದ್ದು ಇದನ್ನೇ. ಆದರೆ ಹಿಂದಿನ ದಿನದವರೆಗೆ ಆ ಮನುಷ್ಯ ಸತ್ತಿರಲಿಲ್ಲ, ನನ್ನ ಎರಡು ಸಾಲಿಗೆ ಸತ್ತ. ತಿಂಗಳು ಕಳೆದ ಮೇಲೆ ಕೂಡಿಕೆಯಾಯಿತು. ಅಜ್ಜಿಯೇ ಸೀರೆ ಕೊಟ್ಟು ಮಡಿಲು ತುಂಬಿ ಕಳಿಸಿದಳು. ಗುಂಡ್ಲುಪೇಟೆ ಕಡೆ ಅವಳು ಚೆನ್ನಾಗಿ ಬಾಳಿದಳು. ಅದೊಂದು ನನಗೆ ಸಮಾಧಾನ.

ಅವಳು ಹೋದ ಮರುದಿನ ಅಜ್ಜಿ ಒಂದು ಕಾರ್ಡು ತರಿಸಿ ನನ್ನ ಮುಂದಿಟ್ಟಳು. "ಜಪಾನ್ನೋರ್ಗೆ ಒಂದ್ ಕಾಗ್ದ ಬರಿ."

"ಯಾರಿಗೆ ಅಜ್ಜಿ?"

"ಆ ಅವ್ವದೀರ್ಗೆ. ನೀವು ಬುಟ್ರಿ ಅಂತ ಕೇಳಿ ನಾನೂ ಬುಟ್ಬುಟ್ಟೆ ಅಂತ ಬರಿ. ನಿಮ್ಗೆ ಹೆಂಗಾಯ್ತದೆ ಅಂತ ನಂಗೊತ್ತು, ನಂಗೆ ಹೆಂಗಾಯ್ತದೆ ಅಂತ ನಿಮ್ಗೂ ಗೊತ್ತು. ಅಷ್ಟೇಯ."

ಆಗಲಾದರೂ ಹೇಳಬಹುದಿತ್ತು. ಆದರೆ ದೊಡ್ಡವ್ವ ಆಗಲೇ ಇನ್ನೊಂದು ಮನೆಯ ಒಲೆ ಹಚ್ಚಿದ್ದಳು. ನಾನು ತಲೆ ತಗ್ಗಿಸಿ ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೇ ಬರೆದೆ.

ಅಜ್ಜಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೇ ಕೊಟ್ಟಳು. "ಡಬ್ಬಕ್ಕೆ ಹಾಕ್ಬುಟ್ ಬಾ. ಅವ್ರೇನಾರ ತಿರ್ಗಾ ಬರುದ್ರೆ, ಒಂದಕ್ಸರನೂ ಬುಡ್ದಂಗೆ ಓದ್ ಯೋಳ್ಬೇಕು ಕಣಮ್ಮಿ."

"ಓದ್ತೀನಿ ಅಜ್ಜಿ" ಎಂದೆ.