ಕಾಲಲ್ಲಿ ಬೂಟು ಇತ್ತೆ?

ನಾನು ನಿಂತಿದ್ದದ್ದು ಅವರಿಗಿಂತ ಹತ್ತು ಹೆಜ್ಜೆ ಮೇಲೆ, ಹಾದಿಯ ಎಡಕ್ಕೆ, ಒಂದು ಮರದ ಬೇರು ಹಿಡಿದುಕೊಂಡು. ಅರವತ್ಮೂರನೇ ಇಸವಿಯ ಡಿಸೆಂಬರ್, ಭಾನುವಾರ, ಬೆಳಗಿನ ಹತ್ತೂವರೆ ದಾಟಿತ್ತು. ಇಬ್ಬನಿಗೆ ಕಲ್ಲು ಒದ್ದೆಯಾಗಿತ್ತು. ಇಷ್ಟರಲ್ಲಿ ನನಗೆ ಅನುಮಾನವಿಲ್ಲ.

ಹೋದ ವಾರ ಯಶವಂತಪುರದಲ್ಲಿ ಚಪ್ಪಲಿ ಹೊಲಿಯುವವನೊಬ್ಬ ಹಳೆಯ ಬೂಟಿಗೆ ಗ್ರೀಸು ತಿಕ್ಕುತ್ತಿದ್ದ. ಕಾರ್ಖಾನೆ ಬೂಟಿನದೇ ಆ ವಾಸನೆಗೆ ನನ್ನ ಕಾಲುಗಳು ಅಲ್ಲೇ ನಿಂತುಬಿಟ್ಟವು...

ಅಂದು ನನಗಿಂತ ಕೆಳಗಿದ್ದವರು ನನ್ನ ಪಕ್ಕದ ಮನೆಯವರು. ಗೊರಗುಂಟೆಪಾಳ್ಯದ ಹಿಂದೆ, ನಮ್ಮ ಸಣ್ಣ ಕಾರ್ಖಾನೆಯ ಲೈನ್ ಮನೆಗಳಲ್ಲಿ ನಮ್ಮಿಬ್ಬರ ನಡುವೆ ಒಂದೇ ಗೋಡೆ. ಅದೇ ಊರಿನಲ್ಲಿ ದನ ಕಾಯ್ದುಕೊಂಡು ಬೆಳೆದು, ಮೂವತ್ತು ದಾಟಿದ ಮೇಲೆ ಲೇತ್ ಯಂತ್ರದ ಕೆಲಸಕ್ಕೆ ಬಂದವರು. ಕಾರ್ಖಾನೆಯ ಬೂಟನ್ನು ಗೇಟಿನಲ್ಲಿ ಹಾಕುವರು, ಗೇಟಿನಲ್ಲೇ ಬಿಚ್ಚುವರು. ಲೇಸು ಗಂಟು ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡು ಮನೆಗೆ ಬರುವರು. ನಾವೆಲ್ಲ ನಗುತ್ತಿದ್ದೆವು.

ಆ ವರ್ಷ ಮಾಲೀಕರು ನಮ್ಮ ಐವರಿಗೆ ರಜೆ ಕೊಟ್ಟು, ಘಟ್ಟ ಇಳಿದು ಸಮುದ್ರ ನೋಡಿಕೊಂಡು ಬನ್ನಿ ಎಂದು ಕಳಿಸಿದರು. ಕಾರ್ಖಾನೆಯ ಪ್ರವಾಸವಾದ್ದರಿಂದ ಫೋರ್‌ಮನ್ನರೇ ಮುಖಂಡರು. ಎಲ್ಲರೂ ತಳಕ್ಕೆ ಮೊಳೆ ಹೊಡೆದ ಕಾರ್ಖಾನೆ ಬೂಟನ್ನೇ ಹಾಕಬೇಕೆಂದು ಅವರ ಕಟ್ಟಪ್ಪಣೆ. ಕಾಡಿನ ಹಾದಿ ಕಡಿದಾಗಿ ಇಳಿಯತೊಡಗಿದ ಕಡೆ ಪಕ್ಕದ ಮನೆಯವರು ಕೂತು ಬೂಟು ಬಿಚ್ಚಿದರು.

“ನೀವೂ ಬಿಚ್ಚಿ ಸಾರ್. ಈ ಕಲ್ಲಿಗೆ ಕಬ್ಣ ನಿಲ್ಲಲ್ಲ, ಬೆರಳೇ ಇಡೀಬೇಕು.”

“ಬೂಟು ಕೊಟ್ಟಿರೋದು ಕುತ್ತಿಗೆಗೆ ಹಾಕ್ಕೊಳೋಕಲ್ಲ ಕಣಯ್ಯ,” ಎಂದರು ಫೋರ್‌ಮನ್.

“ಅಂಗಾರೆ ನಿಮ್ಮ ಬೂಟು ಮುಂದೆ ಓಗ್ಲಿ. ನೀವು ಇಂದೆ ನಿಧಾನ್ಕೆ ಬನ್ನಿ.”

ಫೋರ್‌ಮನ್ ಒಬ್ಬರನ್ನು ಬಿಟ್ಟು ಎಲ್ಲರೂ ನಕ್ಕೆವು. ಆದರೆ ಯಾರೂ ಬೂಟು ಬಿಚ್ಚಲಿಲ್ಲ.

ಒಂದು ತಿರುವಿನಲ್ಲಿ ಮರಗಳ ಸಂದಿಯಿಂದ, ತುಂಬ ಕೆಳಗೆ, ಬೂದುಬಣ್ಣದ ಗೆರೆಯೊಂದು ಕಾಣಿಸಿತು. ಪಕ್ಕದ ಮನೆಯವರು ನನ್ನ ಕಡೆ ತಿರುಗಿ, “ಅದೇನಾ ಸಮುದ್ರ?” ಎಂದರು. ನಾನು ಉತ್ತರ ಕೊಡುವ ಮೊದಲೇ ಮೊಳೆ ಕಲ್ಲಿಗೆ ಉಜ್ಜಿದ ಸದ್ದು ಕೇಳಿತು. ನಮ್ಮಿಬ್ಬರ ನಡುವೆ ಇದ್ದ ಫೋರ್‌ಮನ್ ಜಾರಿ ಅವರ ಮೇಲೆ ಹೋದರು. ಅವರು ಫೋರ್‌ಮನ್ನರ ಬೆಲ್ಟು ಹಿಡಿದು ಮರದ ಬುಡಕ್ಕೆ ನೂಕಿದರು. ಆ ನೂಕಿದ ರಭಸಕ್ಕೆ ಅವರಿಗೆ ನಿಲ್ಲಲು ನೆಲ ಉಳಿಯಲಿಲ್ಲ... ಕುತ್ತಿಗೆಯಲ್ಲಿದ್ದ ಬೂಟು ಒಂದು ಪೊದೆಗೆ ಸಿಕ್ಕಿಕೊಂಡಿತ್ತು.

ಕಾರ್ಖಾನೆಯಲ್ಲಿ ಅಪಘಾತಕ್ಕೆ ಒಂದೇ ಬಗೆಯ ಫಾರಂ, ಯಂತ್ರಗಳಿಗೆಂದು ಮಾಡಿದ್ದು. ಕಾಡಿನ ಸಾವಿಗೂ, ಹತ್ತಿರವಿದ್ದವನೆಂದು ನನ್ನ ಕೈಲಿ ಅದನ್ನೇ ತುಂಬಿಸಿದರು. ಸತ್ತವರ ತಪ್ಪಿಲ್ಲವಾದರೆ ಹೆಂಡತಿಗೆ ಪ್ಯಾಕಿಂಗ್‌ನಲ್ಲಿ ಕೆಲಸ, ಇರಲು ಅದೇ ಮನೆ ಎಂದು ಮಾಲೀಕರು ಹೇಳಿದ್ದರು. ನಾಲ್ಕನೆಯ ಪ್ರಶ್ನೆ: ಕಾಲಲ್ಲಿ ಬೂಟು ಇತ್ತೆ? ಇಲ್ಲ ಎಂದು ಬರೆದೆ. ಯಾರು ಮೊದಲು ಜಾರಿದರು ಎಂದು ಯಾವ ಪ್ರಶ್ನೆಯೂ ಕೇಳಲಿಲ್ಲ. ಕೊನೆಯಲ್ಲಿ ‘ಇತರ ವಿವರ’ ಎಂದು ಮೂರು ಗೆರೆ ಖಾಲಿ ಇದ್ದವು. ಫೋರ್‌ಮನ್ ನನ್ನ ಎದುರಿಗೇ ಕೂತಿದ್ದರು. ನನ್ನ ಮನೆಯೂ ಕಾರ್ಖಾನೆಯದೇ. ಆ ಗೆರೆಗಳನ್ನು ಖಾಲಿ ಬಿಟ್ಟು ಸಹಿ ಹಾಕಿದೆ.

ಸತ್ತವರ ಹೆಂಡತಿ ಮನೆ ಬಿಡಲೆಂದು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ ದಿನ ನನ್ನನ್ನು ಕೇಳಿದರು, “ನೀವು ಅತ್ರಾನೇ ಇದ್ರಂತಲ್ಲಣ್ಣ. ಏನಂತ ಬರೆದ್ರಿ?”

“ಕಾಲಲ್ಲಿ ಬೂಟು ಇರಲಿಲ್ಲ ಅಂತ.”

“ದಿಟಾನೇ,” ಎಂದರು ಆಕೆ. “ಅವರು ಯಾವತ್ತು ಆಕ್ಕೊಂಡಿದ್ರು?”

ಆ ಮನೆಗೆ ಮರುವಾರವೇ ಬೇರೆ ಸಂಸಾರ ಬಂತು. ಆಕೆ ಎಲ್ಲಿಗೆ ಹೋದರೋ ನಾನು ವಿಚಾರಿಸಲಿಲ್ಲ. ಈಗ ವಿಚಾರಿಸಲು ಆ ಲೈನ್ ಮನೆಗಳೂ ಇಲ್ಲ.

ಅಂದು ಕಣ್ಣಾರೆ ಕಂಡವರು ನಾಲ್ವರು. ಫೋರ್‌ಮನ್ ತೀರಿಕೊಂಡರು. ನಮ್ಮ ಜೊತೆ ಬಂದಿದ್ದ ಸ್ಟೋರ್ಸ್ ಗುಮಾಸ್ತರೂ ಹೋದರು. ಈಗ ಬದುಕಿರುವವರು ಇಬ್ಬರು: ಯಲಹಂಕದಲ್ಲಿ ಮಗಳ ಮನೆಯಲ್ಲಿರುವ, ಅಂದಿನ ನಮ್ಮ ಕಾರ್ಖಾನೆಯ ಪೇಂಟರ್, ಮತ್ತು ಬೇರು ಹಿಡಿದು ನಿಂತಿದ್ದ ನಾನು.