ನಮ್ಮದೇ ಅರ್ಜಿ

ವಿಜಯನಗರದ ಕಚೇರಿಯೊಂದರಲ್ಲಿ ನಾನು ಜನನ-ಮರಣ ಪತ್ರಗಳ ಕೌಂಟರಿನಲ್ಲಿದ್ದೆ. ತರಬೇತಿ ಕೊಡಲು ಬಂದ ಮೇಡಂ ನಮ್ಮದೇ ಅರ್ಜಿ ನಮೂನೆಯನ್ನು ನಮ್ಮ ಕೈಗಿಟ್ಟು ತುಂಬಲು ಹೇಳಿದರು. ವರ್ಷಗಟ್ಟಲೆ ಜನರ ತಪ್ಪು ಹುಡುಕಿದ್ದ ನಾನೇ ಎರಡು ಕಡೆ ತಪ್ಪು ಬರೆದಿದ್ದೆ. ಗಂಡನ ಮರಣ ಪ್ರಮಾಣಪತ್ರಕ್ಕಾಗಿ ಕೆಂಗೇರಿಯಿಂದ ಮೂರು ಸಲ ಬಂದು, ಅರ್ಜಿ ತಪ್ಪಿದೆಯೆಂದು ನಾನು ಹಿಂದಿರುಗಿಸಿದ್ದರಿಂದ ಬರಿಗೈಲಿ ಹೋದ ಅಜ್ಜಿ ನೆನಪಾಗಿ ನಾಚಿಕೆಯಾಯಿತು.

ಮರುದಿನವೇ, ಹಳೆಯ ಅರ್ಜಿಯಲ್ಲಿದ್ದ ನಂಬರಿನಿಂದ ಆ ಅಜ್ಜಿಗೆ ಫೋನ್ ಮಾಡಿದೆ.

"ಇನ್ನೇನು ತರ್ಬೇಕು ಸಾರ್?" ಎಂದರು, ದಣಿದ ದನಿಯಲ್ಲಿ.

"ಏನೂ ಬೇಡಮ್ಮ, ನೀವು ಬನ್ನಿ ಸಾಕು. ನಾನೇ ಬರ್ಕೊಡ್ತೀನಿ."

ಅವರು ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ವಿವರ ಕೇಳಿ ಅರ್ಜಿ ತುಂಬಿದೆ. ಅಂದು ಸಂಜೆಯೊಳಗೆ ಪತ್ರ ಅವರ ಕೈಸೇರಿತು.

"ಎಲ್ರಿಗೂ ಹೀಗೇ ಮಾಡೋಕಾಗುತ್ತಾ?" ಎಂದ ಸಹೋದ್ಯೋಗಿ.

"ಮಾಡ್ತೀನಿ" ಎಂದೆ. ಮಾಡುತ್ತಲೇ ಇದ್ದೇನೆ.