ಸುಷ್ಮಿತಾಳ ಪ್ರೋಗ್ರಾಂ ಬರೆದದ್ದು ಯಾರು?

ಇವತ್ತು ನಮ್ಮ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಅಂತಿಮ ವರ್ಷದವರ ಪ್ರಾಜೆಕ್ಟ್ ಪರೀಕ್ಷೆಯಿತ್ತು, ಸ್ನೇಹಿತರೇ. ಬಂಟ್ವಾಳದ ಕಡೆಯಿಂದ ಬಂದಿದ್ದ ಪರೀಕ್ಷಕರು ವೇಣೂರಿನ ಸುಷ್ಮಿತಾಳ ಪ್ರೋಗ್ರಾಂ ಅನ್ನು ಎರಡೇ ನಿಮಿಷ ನೋಡಿ ಲ್ಯಾಪ್‌ಟಾಪ್ ಮುಚ್ಚಿಬಿಟ್ಟರು.

"ಇಷ್ಟು ಚೊಕ್ಕವಾಗಿ ಮಕ್ಕಳು ಬರೆಯುವುದಿಲ್ಲ. ಇದು ಎಐ ಬರೆದದ್ದು. ಮಾರ್ಕ್ ಕೊಡ್ಲಿಕ್ಕೆ ಆಗುವುದಿಲ್ಲ."

ಅವಳ ಗೈಡ್ ನಾನು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಎದ್ದು ನಿಂತಳು. "ಸರ್, ಲ್ಯಾಪ್‌ಟಾಪ್ ನಿಮ್ಮ ಹತ್ರವೇ ಇರಲಿ. ಬೋರ್ಡ್ ಉಂಟಲ್ಲ, ನಾನು ಅಲ್ಲಿ ಬರೀತೇನೆ."

ಪರೀಕ್ಷಾ ಕೊಠಡಿಯಲ್ಲಿ ಒಂದೇ ತರಗತಿಯವರು ಅಕ್ಕಪಕ್ಕ ಕೂರದಂತೆ ಜಾಗ ಹಂಚುವ ಪ್ರೋಗ್ರಾಂ ಅದು. ಮುಖ್ಯ ಭಾಗವನ್ನು ಎಲ್ಲೂ ತಡವರಿಸದೆ ಬರೆಯತೊಡಗಿದಳು. ನಡುವೆ ಪರೀಕ್ಷಕರು ಒಂದು ಸಾಲಿಗೆ ಬೆರಳು ತೋರಿಸಿದರು. "ಇದು ಯಾಕೆ? ಬೇಡವಲ್ಲ?"

"ಬೇಕು ಸರ್. ಒಂದೇ ತರಗತಿಯವರು ತುಂಬಾ ಜನ ಇದ್ರೆ ಹೇಗೆ ಕೂರಿಸಿದ್ರೂ ಸರಿ ಆಗುವುದಿಲ್ಲ. ಆ ಸಾಲು ಇಲ್ಲದಿದ್ರೆ ಪ್ರೋಗ್ರಾಂ ಹುಡುಕ್ತಾನೇ ಇರ್ತದೆ, ನಿಲ್ಲುವುದೇ ಇಲ್ಲ."

ಅವರು ಆ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ನಕ್ಕುಬಿಟ್ಟರು. "ಸರಿ ಮಾರಾಯ್ತಿ, ನಿನ್ನದೇ. ಪೂರ್ತಿ ಮಾರ್ಕ್ ಕೊಡ್ತೇನೆ. ಇಷ್ಟು ಚೊಕ್ಕ ಬರೆಯಲಿಕ್ಕೆ ಕಲಿಸಿದ್ದು ಯಾರು?"

ಸುಷ್ಮಿತಾ ನನ್ನ ಕಡೆ ಕೈ ತೋರಿಸಿದಳು. "ಈ ಮೇಡಂ, ಸರ್. ಒಂದು ವೇರಿಯೇಬಲ್‌ಗೆ ಹೆಸರು ಸರಿಯಾಗಿ ಇಡದಿದ್ರೂ ಇಡೀ ಪ್ರೋಗ್ರಾಂ ಪುನಃ ಬರೆಸ್ತಾರೆ. ನೀವಾದ್ರೂ ಸ್ವಲ್ಪ ಹೇಳಿ ಸರ್."

ನನ್ನ ಮೇಲೆ ದೂರು ಬಂದಾಗ ಇಷ್ಟು ಖುಷಿಯಾದದ್ದು ಇದೇ ಮೊದಲು. ತಿದ್ದಿಕೊಳ್ಳುವ ಯೋಚನೆ ಮಾತ್ರ ನನಗಿಲ್ಲ.